ಮೀನಿನ ಮೂಳೆಗೆ ಹುಳಿ ಹಿಂಡಿದವರು ಯಾರು?

5 ದಿನದ ಮೀನುಮರಿ ಎಂದರೆ ಹೆಚ್ಚುಕಡಿಮೆ 4 ಮಿಲಿಮೀಟರ್ ಉದ್ದ. ಟೀ ಜರಡಿಯಲ್ಲೂ ನಿಲ್ಲುವುದಿಲ್ಲ. ಅಂಥದ್ದನ್ನು ಬಣ್ಣದಿಂದ ಎತ್ತಿ, ಗ್ಲಿಸರಿನ್ ಹನಿಯಲ್ಲಿ ಮಲಗಿಸಿ, ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆವು. ದವಡೆ ಚೆಂದದ ನೀಲಿ. ಕಿವಿರಿನ ಕಮಾನುಗಳು ಬಾಚಣಿಗೆ ಹಲ್ಲಿನ ಹಾಗೆ ಸಾಲಾಗಿ ನೀಲಿ. ಕೆಂಪು ಮಾತ್ರ ಎಲ್ಲೂ ಇಲ್ಲ.

"ಇನ್ನೂ ಗಟ್ಟಿ ಮೂಳೆ ಬಂದಿಲ್ಲ ಸರ್" ಎಂದ ಹುಡುಗ. ಹುಡುಗಿ ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆದಳು. ನಾನೂ ತಲೆಯಾಡಿಸಿದೆ. ಮೂವರದ್ದೂ ತಪ್ಪು. ಅದು ಗೊತ್ತಾಗಲು ಮೂರು ವಾರ ಹಿಡಿಯಿತು.

ಕಾಲೇಜಿನ ಜೀವಶಾಸ್ತ್ರ ಲ್ಯಾಬು ನನ್ನ ಸುಪರ್ದಿಯಲ್ಲಿದೆ. ಈ ವರ್ಷ ಇಬ್ಬರು ವಿದ್ಯಾರ್ಥಿಗಳ ಪ್ರಾಜೆಕ್ಟು ನನ್ನ ಪಾಲಿಗೆ ಬಂತು. ಒಂದೇ ಜಾತಿಯ ಮೀನನ್ನು ಮರಿಯಿಂದ ಮುಪ್ಪಿನವರೆಗೆ ಬೇರೆ ಬೇರೆ ವಯಸ್ಸಿನಲ್ಲಿ ಹಿಡಿದು, ಬಣ್ಣ ಹಾಕಿ, ಮೈಯೊಳಗೆ ಏನೇನು ಬದಲಾಗುತ್ತದೆ ಎಂದು ನೋಡುವುದು ಕೆಲಸ. ಮೀನು ಜೀಬ್ರಾ ಡ್ಯಾನಿಯೋ. ಅಕ್ವೇರಿಯಂ ಅಂಗಡಿಯಲ್ಲಿ ನೀಲಿ ಪಟ್ಟೆ ಹೊತ್ತು ಸುತ್ತುತ್ತಿರುತ್ತದಲ್ಲ, ಅದೇ. ಪ್ರಪಂಚದ ಲ್ಯಾಬುಗಳಲ್ಲೆಲ್ಲ ಇರುವ ಈ ಮೀನು ನಮ್ಮ ಕಡೆಯದ್ದೇ. ಇದಕ್ಕೆ 1822ರಲ್ಲಿ ಶಾಸ್ತ್ರದ ಹೆಸರು ಕೊಟ್ಟವನು ಫ್ರಾನ್ಸಿಸ್ ಹ್ಯಾಮಿಲ್ಟನ್, ಗಂಗಾ ಸೀಮೆಯ ಮೀನುಗಳ ಮೇಲಿನ ಪುಸ್ತಕದಲ್ಲಿ. ಟಿಪ್ಪು ಸತ್ತ ಮರುವರ್ಷ ಮೈಸೂರು ಸೀಮೆಯನ್ನೆಲ್ಲ ಸುತ್ತಿ ವರದಿ ಬರೆದ ಬುಕಾನನ್ ಇವನೇ. ಆಮೇಲೆ ಹೆಸರು ಬದಲಾಯಿಸಿಕೊಂಡ, ಅಷ್ಟೆ.

ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಮೊದಲೇ ಸಿಕ್ಕಿತ್ತು. ತೊಟ್ಟಿಯ ತಳದಲ್ಲಿ ಗೋಲಿ ಹರಡಿದ್ದೆವು. ಇಲ್ಲದಿದ್ದರೆ ಇಟ್ಟ ಮೊಟ್ಟೆಯನ್ನು ತಾಯಿ ಮೀನೇ ತಿಂದುಬಿಡುತ್ತದೆ. ಬೆಳಗ್ಗೆ ದೀಪ ಹಾಕಿದ ಸ್ವಲ್ಪ ಹೊತ್ತಿಗೆ ಮೊಟ್ಟೆ ಉದುರುತ್ತವೆ. ಗೋಲಿ ಸಂದಿಯಿಂದ ಹೀರಿ ತೆಗೆದು, 28.5 ಡಿಗ್ರಿಯಲ್ಲಿ ಇಟ್ಟರೆ ಮೂರನೇ ದಿನದ ಹೊತ್ತಿಗೆ ಮರಿ ಹೊರಗೆ. ವಯಸ್ಸಾದ ಮೀನಿಗೆ ಹುಡುಕಾಡಬೇಕಾಗಲಿಲ್ಲ. 3 ವರ್ಷದ ಹಿಂದೆ ನಮ್ಮ ತೊಟ್ಟಿಯಲ್ಲೇ ಹುಟ್ಟಿದವು ಇನ್ನೂ ಕೆಲವು ಇದ್ದವು. ಅಂಗಡಿಯಿಂದ ತಂದ ಮೀನು ಈ ಕೆಲಸಕ್ಕೆ ಆಗುವುದಿಲ್ಲ. ಅದರ ಹುಟ್ಟಿದ ದಿನ ಯಾರಿಗೆ ಗೊತ್ತು?

ಬಣ್ಣ ಎರಡು. ಅಲ್ಶಿಯನ್ ಬ್ಲೂ ಮೆದುಮೂಳೆಗೆ ಹಿಡಿಯುತ್ತದೆ, ಅಂದರೆ ನಮ್ಮ ಕಿವಿಯಲ್ಲಿ, ಮೂಗಿನ ತುದಿಯಲ್ಲಿ ಇರುವ ಕಾರ್ಟಿಲೇಜಿಗೆ. ಅಲಿಜರಿನ್ ರೆಡ್ ಸುಣ್ಣ ಕಟ್ಟಿದ ಗಟ್ಟಿ ಮೂಳೆಗೆ ಹಿಡಿಯುತ್ತದೆ. ಮಾಂಸವನ್ನು ಪಾರದರ್ಶಕ ಮಾಡಿಬಿಟ್ಟರೆ, ಕತ್ತರಿಸದೆ ಕೊಯ್ಯದೆ ಇಡೀ ಮೀನಿನ ಎಲುಬಿನ ಗೂಡು ಎರಡು ಬಣ್ಣದಲ್ಲಿ ಗಾಜಿನ ಗೊಂಬೆಯ ಹಾಗೆ ಕಾಣುತ್ತದೆ. ನೀಲಿ ಎಲ್ಲಿ ಕೆಂಪಿಗೆ ತಿರುಗುತ್ತಿದೆ ಎಂದು ನೋಡಿದರೆ ಬೆಳವಣಿಗೆಯ ಕತೆ ಅಲ್ಲೇ ಇದೆ.

ಅಲಿಜರಿನ್ ಮೂಲದಲ್ಲಿ ಮ್ಯಾಡರ್ ಗಿಡದ ಬೇರಿನ ಬಣ್ಣ. 1736ರಲ್ಲಿ ಲಂಡನ್ನಿನ ಜಾನ್ ಬೆಲ್ಚಿಯರ್ ಎಂಬ ಸರ್ಜನ್ ಒಬ್ಬ ಬಟ್ಟೆ ಅಚ್ಚಿನವನ ಮನೆಗೆ ಊಟಕ್ಕೆ ಹೋಗಿದ್ದ. ಬಡಿಸಿದ ಹಂದಿಮಾಂಸದ ಮೂಳೆ ಕೆಂಪಗಿತ್ತು. ಅಚ್ಚಿನ ಕೆಲಸದಲ್ಲಿ ಮ್ಯಾಡರ್ ಬಣ್ಣ ಕುಡಿದ ತೌಡನ್ನು ಹಂದಿಗೆ ಹಾಕುತ್ತಿದ್ದರಂತೆ. ಬೆಳೆಯುವ ಮೂಳೆಗೆ ಬಣ್ಣ ಹಾಕಿ ನೋಡುವ ವಿದ್ಯೆ ಶುರುವಾದದ್ದು ಆ ತಟ್ಟೆಯಿಂದ. ನಮ್ಮ ಮಂಜಿಷ್ಠ ಅದೇ ಗಿಡದ ದಾಯಾದಿ. ಗ್ರಂಧಿಗೆ ಅಂಗಡಿಯಿಂದ ಒಂದು ಪೊಟ್ಟಣ ಪುಡಿ ತಂದು ಸುಮ್ನೆ ಒಂದು ಮೀನಿನ ಮೇಲೆ ಪ್ರಯೋಗ ಮಾಡಿದೆ. ಮೂಳೆ, ಮಾಂಸ, ಚರ್ಮ ಎಲ್ಲ ಒಂದೇ ಕಾಫಿ ಬಣ್ಣಕ್ಕೆ ಬಂದವು. ಮಂಜಿಷ್ಠದಲ್ಲಿ ಅಲಿಜರಿನ್‌ಗಿಂತ ಪರ್ಪ್ಯುರಿನ್ ಎಂಬ ಇನ್ನೊಂದು ಬಣ್ಣ ಜಾಸ್ತಿ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಆ ಪುಡಿಯಲ್ಲಿ ಬೇರಿನ ಕಸವೂ ಇತ್ತು. ಅಲ್ಲಿಗೆ ಆ ಸಾಹಸ ಮುಗಿಯಿತು.

ಮೊದಲ ಸುತ್ತಿಗೆ ಹಳೆಯ ಪಾಕವನ್ನೇ ಹಿಡಿದೆವು. ಡಿಂಗರ್ಕಸ್ ಮತ್ತು ಊಲರ್ 1977ರಲ್ಲಿ ಕೊಟ್ಟದ್ದು: 10 ಮಿಲಿಗ್ರಾಂ ಅಲ್ಶಿಯನ್ ಬ್ಲೂ, 80 ಮಿಲಿಲೀಟರ್ 95% ಆಲ್ಕೋಹಾಲ್, 20 ಮಿಲಿಲೀಟರ್ ಗ್ಲೇಶಿಯಲ್ ಅಸೆಟಿಕ್ ಆಸಿಡ್. ಆ ಕೊನೆಯದ್ದು ನೆನಪಿಟ್ಟುಕೊಳ್ಳಿ. ವಿನಿಗರ್‌ನಲ್ಲಿರುವ ಹುಳಿಯೇ ಅದು, ನೀರು ಬೆರೆಸದ್ದು.

3 ತಿಂಗಳ ಮೀನಿಗೆ ಈ ಪಾಕ ಬಹಳ ಚೆನ್ನಾಗಿ ಬಂತು. ಒಂದು ರಾತ್ರಿ ನೀಲಿಯಲ್ಲಿ, ಆಮೇಲೆ ಆಸಿಡ್ ಕಳೆಯಲು ಬೋರಾಕ್ಸ್ ನೀರಿನಲ್ಲಿ, ಆಮೇಲೆ ಮಾಂಸ ಕರಗಿಸಲು ಟ್ರಿಪ್ಸಿನ್ ಕಿಣ್ವದಲ್ಲಿ. ಈ ಟ್ರಿಪ್ಸಿನ್ ಹಂತಕ್ಕೆ ತಾಳ್ಮೆ ಬೇಕು. ಸಾಕು ಅನ್ನಿಸಿದಾಗ ತೆಗೆಯಬೇಕು, ಇನ್ನೊಂಚೂರು ಇರಲಿ ಎಂದರೆ ಕೆಟ್ಟಿತು. ಒಂದು ಶನಿವಾರ ಸಂಜೆ ಬಿಟ್ಟುಹೋದೆ. ಸೋಮವಾರ ಬಂದು ನೋಡಿದರೆ ಮೀನಿನ ತಲೆ ಒಂದು ಕಡೆ, ಬಾಲ ಒಂದು ಕಡೆ, ಪಕ್ಕೆಲುಬು ಶಾವಿಗೆ ಹಾಗೆ ತೇಲುತ್ತಿತ್ತು. ಎರಡನೇ ಮೀನನ್ನು ದಿನಕ್ಕೆ ಮೂರು ಸಲ ನೋಡಿಕೊಂಡೆವು. ಬೆನ್ನಿನ ಮಾಂಸದ ಮೂಲಕ ಬೆನ್ನುಮೂಳೆ ಕಾಣತೊಡಗಿದ ಕೂಡಲೇ ತೆಗೆದೆವು. ಅಲಿಜರಿನ್‌ಗೆ ಹಾಕಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿದ ಗ್ಲಿಸರಿನ್‌ನಲ್ಲಿ ಮೆಲ್ಲಗೆ ಮೇಲೇರಿಸಿದಾಗ ಬೆನ್ನುಮೂಳೆ ಕುಂಕುಮದ ಸರದ ಹಾಗೆ ಬಂತು. 30ರ ಆಸುಪಾಸು ಮಣಿಗಳು. ಎಣಿಸಬಹುದು.

ಇದೇ ಧೈರ್ಯದಲ್ಲಿ 5 ದಿನದ, 10 ದಿನದ, 15 ದಿನದ ಮರಿಗಳನ್ನೂ ಅದೇ ಪಾಕಕ್ಕೆ ಹಾಕಿದೆವು. 5 ದಿನದ್ದರಲ್ಲಿ ಕೆಂಪಿಲ್ಲ. 10 ದಿನದ್ದರಲ್ಲೂ ಇಲ್ಲ. 15 ದಿನದ್ದರಲ್ಲಿ ಅಲ್ಲೊಂದು ಇಲ್ಲೊಂದು ಗುಲಾಬಿ ಗೆರೆ. ಹುಡುಗಿ ಗ್ರಾಫ್ ಕೂಡ ಹಾಕಿದಳು. ಎಷ್ಟು ನೀಟಾಗಿ ಏರುತ್ತಿತ್ತು ಅಂದರೆ, ನಂಬದೆ ಇರಲು ಕಾರಣವೇ ಇರಲಿಲ್ಲ.

ಸಿಕ್ಕಿಹಾಕಿಕೊಂಡದ್ದು ಕಿವಿಯಿಂದ.

ಮೀನಿನ ಕಿವಿಯೊಳಗೆ ಪುಟ್ಟ ಕಲ್ಲುಗಳಿರುತ್ತವೆ. ಓಟೊಲಿತ್ ಎನ್ನುತ್ತಾರೆ, ಕ್ಯಾಲ್ಸಿಯಂ ಕಾರ್ಬೊನೇಟಿನವು. ಜೀಬ್ರಾ ಮೀನಿನಲ್ಲಿ ಮೂಳೆ ಇನ್ನೂ ಸುಳಿವೇ ಇಲ್ಲದಾಗ, ಮೊಟ್ಟೆಯೊಳಗೇ ಮೊದಲ ದಿನದಲ್ಲಿ ಇವು ಬಂದಿರುತ್ತವೆ. ಜೀವಂತ ಮರಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕಣ್ಣಿನ ಹಿಂದೆ ಒಂದೊಂದು ಕಿವಿಯಲ್ಲಿ ಎರಡೆರಡು ಮಿನುಗುವ ಚುಕ್ಕಿ. ಹುಡುಗನಿಗೆ ಆ ಚುಕ್ಕಿಗಳೆಂದರೆ ಇಷ್ಟ. ಮರಿ ಬದುಕಿದೆಯಾ ಎಂದು ನೋಡುವ ನೆಪದಲ್ಲಿ ದಿನವೂ ನೋಡುತ್ತಿದ್ದ. ಅವನೇ ಒಂದು ಮಧ್ಯಾಹ್ನ ಕೇಳಿದ: "ಸರ್, ಬಣ್ಣ ಹಾಕಿದ ಮರಿಯಲ್ಲಿ ಕಿವಿಕಲ್ಲು ಎಲ್ಲಿ ಹೋಯಿತು?"

ನೋಡಿದೆ. ಇರಲಿಲ್ಲ. 10 ದಿನದ್ದರಲ್ಲೂ ಇರಲಿಲ್ಲ. ಕಿವಿಯ ಗೂಡು ಇತ್ತು, ನೀಲಿ ಅಂಚಿನ ಸಮೇತ. ಒಳಗೆ ಖಾಲಿ.

ಕಲ್ಲು ಬೆಳೆದಿರಲಿಲ್ಲ ಎನ್ನುವ ಹಾಗಿಲ್ಲ. ಸಾಯುವ ಮುಂಚೆ ನಾವೇ ಕಣ್ಣಾರೆ ಕಂಡಿದ್ದೆವು. ಅಂದರೆ ನಾವೇ ಕರಗಿಸಿದ್ದೇವೆ. ಸುಣ್ಣದ ಕಲ್ಲು ಕರಗಿದ ಕಡೆ, ಕೂದಲೆಳೆಯಷ್ಟು ದಪ್ಪದ ಹೊಸ ಮೂಳೆಯ ಸುಣ್ಣ ಉಳಿಯುತ್ತದಾ? ಹುಣಸೆಹಣ್ಣು ಹಾಕಿ ಹಿತ್ತಾಳೆ ಚೊಂಬು ತಿಕ್ಕಿದರೆ ಕಿಲುಬು ಹೋಗುವ ಹಾಗೆ ಹೋಗಿರುತ್ತದೆ. ದೊಡ್ಡ ಮೀನಿನ ಮೂಳೆ ದಪ್ಪ. ಒಂದು ರಾತ್ರಿಯ ಹುಳಿಯನ್ನು ತಡೆದುಕೊಂಡಿತು. ಮರಿಯ ಮೂಳೆ ತಡೆದುಕೊಳ್ಳಲಿಲ್ಲ. ನಮ್ಮ ನೀಟಾದ ಗ್ರಾಫು ಮೂಳೆಯ ಹುಟ್ಟನ್ನು ತೋರಿಸುತ್ತಿರಲಿಲ್ಲ. ಯಾವ ಮೂಳೆ ಆಸಿಡ್‌ನಲ್ಲಿ ಎಷ್ಟು ಹೊತ್ತು ಬಾಳುತ್ತದೆ ಎಂದು ತೋರಿಸುತ್ತಿತ್ತು.

ಆದರೆ ಹುಳಿ ಹಿಂಡಿದವರು ಒಬ್ಬರೇನಾ? ಬಣ್ಣಕ್ಕೆ ಹಾಕುವ ಮುಂಚೆ ಸತ್ತ ಮೀನು ಕೊಳೆಯದ ಹಾಗೆ ಫಾರ್ಮಲಿನ್ ದ್ರವದಲ್ಲಿ ಇಡುತ್ತೇವೆ, ಅದಕ್ಕೆ ಫಿಕ್ಸ್ ಮಾಡುವುದು ಎನ್ನುತ್ತಾರೆ. ಕಪಾಟಿನಲ್ಲಿದ್ದ ಆ ಫಾರ್ಮಲಿನ್ ಡಬ್ಬಿಯ ಮೇಲೂ ಅನುಮಾನ ಬಂತು. ಅದು ಯಾವ ಕಾಲದ್ದೋ. ಫಾರ್ಮಲಿನ್ ಹಳೆಯದಾದರೆ ಫಾರ್ಮಿಕ್ ಆಸಿಡ್ ಆಗುತ್ತಾ ಹೋಗುತ್ತದೆ. ಇರುವೆ ಕಚ್ಚಿದಾಗ ಉರಿಸುವುದೂ ಅದೇ. ಪಿಎಚ್ ಕಾಗದ ಅದ್ದಿದೆ. 4ರ ಹತ್ತಿರ ನಿಂತಿತು. 7ಕ್ಕಿಂತ ಕೆಳಗೆ ಇಳಿದಷ್ಟೂ ಹುಳಿ ಜಾಸ್ತಿ. ನಮ್ಮ ಮರಿಗಳು ಅದರಲ್ಲಿ ವಾರಗಟ್ಟಲೆ ಮಲಗಿದ್ದವು.

ಇಬ್ಬರು ಆರೋಪಿಗಳು. ನಾಲ್ಕು ಟ್ಯೂಬು ಹೂಡಿದೆವು. ಒಂದೇ ತಾಯಿಯ, ಒಂದೇ ದಿನದ 5 ದಿನದ ಮರಿಗಳು. ಅರ್ಧವನ್ನು ಹಳೆಯ ಡಬ್ಬಿಯ ಫಾರ್ಮಲಿನ್‌ನಲ್ಲಿ ಎರಡು ವಾರ ಇಟ್ಟೆವು. ಉಳಿದರ್ಧವನ್ನು ಅದು ಮುಗಿಯುವ ದಿನ, ಪಿಎಚ್ 7.4ಕ್ಕೆ ಕಟ್ಟಿದ ಹೊಸ ಫಿಕ್ಸ್ ದ್ರವ, 4% ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಬರೀ 2 ಗಂಟೆ. ಇಲ್ಲಿ ನಾನೇ ಒಂದು ಎಡವಟ್ಟು ಮಾಡಿದೆ ಅಂತ ಈಗ ಅನ್ನಿಸುತ್ತದೆ. ಎರಡನೇ ಗುಂಪು 5 ದಿನದ್ದೇ ಆಗಬೇಕಾದರೆ ಮರಿಗಳು ಬೇರೆ ಬ್ಯಾಚಿನವು ಆಗಲೇಬೇಕು. ಹಾಗಾಗಿ "ಒಂದೇ ದಿನದ" ಎನ್ನುವುದು ಟ್ಯೂಬಿನ ಒಳಗೆ ನಿಜ, ಗುಂಪುಗಳ ನಡುವೆ ಅಲ್ಲ. ತಾಯಿ ತಂದೆ ಮಾತ್ರ ಅವೇ. ಪ್ರತಿ ಗುಂಪಿನಲ್ಲಿ ಅರ್ಧಕ್ಕೆ ಆಸಿಡ್ ಇರುವ ನೀಲಿ, ಅರ್ಧಕ್ಕೆ ಆಸಿಡ್ ಇಲ್ಲದ ನೀಲಿ.

ಆಸಿಡ್ ಇಲ್ಲದ ಪಾಕ ವಾಕರ್ ಮತ್ತು ಕಿಮ್ಮೆಲ್ 2007ರಲ್ಲಿ ಜೀಬ್ರಾ ಮರಿಗಳಿಗೆಂದೇ ಕಟ್ಟಿದ್ದು. ಇದರ ಜಾಣತನ ನನಗೆ ಬಹಳ ಹಿಡಿಸಿತು. ಹಳೆಯ ಪಾಕದಲ್ಲಿ ಆಸಿಡ್ ಸುಮ್ಮನೆ ಇರಲಿಲ್ಲ, ಅದಕ್ಕೊಂದು ಕೆಲಸವಿತ್ತು. ಅಲ್ಶಿಯನ್ ಬ್ಲೂ ಧನ ವಿದ್ಯುತ್ ಹೊತ್ತ ಬಣ್ಣ. ಋಣ ವಿದ್ಯುತ್ ಇರುವ ಕಡೆಯೆಲ್ಲ ಹೋಗಿ ಕೂರುತ್ತದೆ. ಆಸಿಡ್ ಹಾಕಿದರೆ ದುರ್ಬಲ ಜಾಗಗಳ ವಿದ್ಯುತ್ ಸತ್ತುಹೋಗಿ, ಗಂಧಕ ಇರುವ ಮೆದುಮೂಳೆಯ ಸಕ್ಕರೆ ಸರಪಣಿಗಳು ಮಾತ್ರ ಬಣ್ಣ ಹಿಡಿಯುತ್ತವೆ. ಅದೇ ಕೆಲಸವನ್ನು ಇವರು ಉಪ್ಪಿನಿಂದ ಮಾಡಿಸಿದರು. ಮೆಗ್ನೀಸಿಯಂ ಕ್ಲೋರೈಡ್ ಹಾಕಿದರೆ ಮೆಗ್ನೀಸಿಯಂ ಬಣ್ಣದ ಜತೆ ಜಾಗಕ್ಕೆ ಜಗಳಕ್ಕಿಳಿಯುತ್ತದೆ. ಸಡಿಲ ಹಿಡಿತದ ಕಡೆಯೆಲ್ಲ ಬಣ್ಣ ಸೀಟು ಬಿಟ್ಟುಕೊಡುತ್ತದೆ, ಮೆದುಮೂಳೆಯಲ್ಲಿ ಮಾತ್ರ ಗಟ್ಟಿಯಾಗಿ ಕೂರುತ್ತದೆ. ಹುಳಿಯ ಬದಲು ಉಪ್ಪು. ಮೀನು ಸಾರಿಗೆ ಹುಳಿ ಇಲ್ಲದೆ ನಡೆಯುವುದಿಲ್ಲ, ಮೀನುಮರಿಯ ಮೂಳೆಗೆ ನಡೆಯುತ್ತದೆ.

70% ಆಲ್ಕೋಹಾಲಿನಲ್ಲಿ 0.02% ಅಲ್ಶಿಯನ್ ಬ್ಲೂ, 60 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್. ಅದಕ್ಕೆ ಚೂರೇ ಚೂರು ಅಲಿಜರಿನ್. ಎರಡು ಬಣ್ಣವೂ ಒಂದೇ ಟ್ಯೂಬಿನಲ್ಲಿ, ಒಂದೇ ರಾತ್ರಿಯಲ್ಲಿ. 15 ದಿನದವಕ್ಕೆ ಉಪ್ಪನ್ನು 100ಕ್ಕೆ ಏರಿಸಿದೆ. ಅಲ್ಶಿಯನ್ ಬ್ಲೂ ಎಲ್ಲ ಡಬ್ಬಿಯೂ ಒಂದೇ ಥರ ಕರಗುವುದಿಲ್ಲ. ನಮ್ಮದನ್ನು ಸೋಸಬೇಕಾಯಿತು, ಇಲ್ಲದಿದ್ದರೆ ಮರಿಯ ಮೈಮೇಲೆ ನೀಲಿ ಮರಳು ಅಂಟಿಕೊಳ್ಳುತ್ತದೆ.

ಮಾರನೇ ದಿನ ಕಣ್ಣಿನ ಮತ್ತು ಚರ್ಮದ ಕಪ್ಪು ಬಣ್ಣ ತೆಗೆಯಲು 3% ಹೈಡ್ರೋಜನ್ ಪೆರಾಕ್ಸೈಡ್ ಮತ್ತು 2% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸಮಸಮ ಬೆರೆಸಿ 20 ನಿಮಿಷ. ಇಲ್ಲಿ ಟ್ಯೂಬಿನ ಮುಚ್ಚಳ ಹಾಕಬೇಡಿ. ಗ್ಯಾಸ್ ಹುಟ್ಟುತ್ತದೆ. ಹುಡುಗಿ ಅಚ್ಚುಕಟ್ಟಿನವಳು, ಎಲ್ಲ ಮುಚ್ಚಳ ಟಕ್ ಟಕ್ ಎಂದು ಹಾಕಿದಳು. ಒಂದು ಪಟಾರ್ ಎಂದು ಹಾರಿ ಟ್ಯೂಬ್‌ಲೈಟಿಗೆ ಬಡಿಯಿತು. ಮರಿಗಳು ಮೇಜಿನ ಮೇಲೆ. ಮೂರನ್ನು ಬಣ್ಣದ ಬ್ರಷ್ಷಿನಿಂದ ಎತ್ತಿಕೊಂಡೆವು, ಎರಡು ಸಿಗಲೇ ಇಲ್ಲ. ಎಲ್ಲರೂ ಕನ್ನಡಕ ಹಾಕಿದ್ದೆವು, ಪುಣ್ಯ.

ಆಮೇಲೆ ಗ್ಲಿಸರಿನ್. ಆಮೇಲೆ ನಾಲ್ಕು ಗಾಜು, ಒಂದರ ಪಕ್ಕ ಒಂದು.

ಹೊಸ ಫಿಕ್ಸ್, ಉಪ್ಪಿನ ಪಾಕ: ಕಿವಿರಿನ ಹಿಂದೆ ಭುಜದ ಜಾಗದಲ್ಲಿ ಕುಡುಗೋಲಿನ ಹಾಗೆ ಬಾಗಿದ ಕೆಂಪು ಗೆರೆ, ಅದು ಕ್ಲೀತ್ರಮ್. ಕಿವಿರು ಮುಚ್ಚುವ ಓಪರ್ಕಲ್ ಬೀಸಣಿಗೆಯ ಹಾಗೆ ಬಿಚ್ಚುತ್ತಿತ್ತು. ಗಂಟಲಿನೊಳಗೆ, ನೀಲಿ ಕಮಾನಿನ ಮೇಲೆ ಸೂಜಿ ಚುಚ್ಚಿದಂಥ ಕೆಂಪು ಚುಕ್ಕಿಗಳು. ಹಲ್ಲು! ಈ ಮೀನಿಗೆ ದವಡೆಯಲ್ಲಿ ಹಲ್ಲಿಲ್ಲ, ಇರುವುದೆಲ್ಲ ಗಂಟಲಲ್ಲಿ. 5 ದಿನಕ್ಕೇ ಹಲ್ಲು ಬಂದಿವೆ. ಕಿವಿಕಲ್ಲುಗಳೂ ತಮ್ಮ ಜಾಗದಲ್ಲಿ ಕೆಂಪು ಹೊದ್ದು ಕೂತಿದ್ದವು.

ಹೊಸ ಫಿಕ್ಸ್, ಆಸಿಡ್ ಪಾಕ: ನೀಲಿ ಮಾತ್ರ. ಹಳೆಯ ಫಾರ್ಮಲಿನ್, ಉಪ್ಪಿನ ಪಾಕ: ಕ್ಲೀತ್ರಮ್ ಜಾಗದಲ್ಲಿ ಅಳಿಸಿದ ಹಾಗೆ ಮಂಕು ಗುಲಾಬಿ, ಕಿವಿಕಲ್ಲು ಇಲ್ಲ. ಎರಡೂ ಸೇರಿದ್ದರಲ್ಲಿ ಕೇಳುವುದೇ ಬೇಡ. ಇಬ್ಬರು ಆರೋಪಿಗಳೂ ತಪ್ಪಿತಸ್ಥರೇ. ಬ್ಯಾಚು ಬೇರೆ ಎಂಬ ನನ್ನ ಎಡವಟ್ಟು ಫಾರ್ಮಲಿನ್ ಮೇಲಿನ ಆರೋಪವನ್ನು ಸ್ವಲ್ಪ ಸಡಿಲ ಮಾಡುತ್ತದೆ, ಆಸಿಡ್ ಮೇಲಿನದ್ದನ್ನು ಮಾಡುವುದಿಲ್ಲ.

ಹುಡುಗಿ ನೋಟ್‌ಬುಕ್ ತೆಗೆದು "ಗಟ್ಟಿ ಮೂಳೆ ಬಂದಿಲ್ಲ" ಎಂಬುದರ ಮೇಲೆ ಒಂದು ಗೆರೆ ಎಳೆದು "ಕೆಂಪು ಕಾಣಲಿಲ್ಲ" ಎಂದು ಬರೆದಳು. ಹಳೆಯದನ್ನು ಕಾಣದ ಹಾಗೆ ಗೀಚಲಿಲ್ಲ. ಅದು ನನಗೆ ಇಷ್ಟವಾಯಿತು.

ಇನ್ನೊಂದು ಪಾಠ ಅಳತೆಯದ್ದು. 15 ದಿನದ ಮರಿಗಳಲ್ಲಿ ಒಂದು 5 ಮಿಲಿಮೀಟರ್, ಇನ್ನೊಂದು 7. ಒಂದೇ ತೊಟ್ಟಿ, ಒಂದೇ ಹುಟ್ಟುಹಬ್ಬ. ಗಟ್ಟಿಮುಟ್ಟಾದದ್ದು ಊಟ ಕಸಿದುಕೊಳ್ಳುತ್ತದೆ, ಇನ್ನೊಂದು ಹಿಂದೆ ಬೀಳುತ್ತದೆ. ಮೂಳೆ ಕ್ಯಾಲೆಂಡರ್ ನೋಡುವುದಿಲ್ಲ, ಮೈಯ ಉದ್ದ ನೋಡುತ್ತದೆ. ಹಾಗಾಗಿ ಈಗ ನಮ್ಮ ಪಟ್ಟಿಯಲ್ಲಿ ದಿನದ ಪಕ್ಕ ಮಿಲಿಮೀಟರ್ ಕಾಲಂ ಕಡ್ಡಾಯ.

ಮುಪ್ಪಿನ ಕಡೆಗೆ ಬಂದೆವು. 3 ವರ್ಷದ ಮೀನಿನ ಗೂಡನ್ನು 3 ತಿಂಗಳದ್ದರ ಪಕ್ಕ ಇಟ್ಟರೆ ಮೊದಲು ಕಣ್ಣಿಗೆ ಬೀಳುವುದು ಬೆನ್ನು. ಬಾಗಿದೆ. ನಡುವಿನಲ್ಲಿ ಎರಡು ಮಣಿ ಒತ್ತೊತ್ತಾಗಿ, ಅಂಚು ಒರಟಾಗಿದ್ದವು. ವಯಸ್ಸಾದ ಜೀಬ್ರಾ ಮೀನುಗಳಲ್ಲಿ ಗೂನು ಸಾಮಾನ್ಯ. ಆದರೆ ಬಾಗುವುದಕ್ಕೆ ಕಾಯಿಲೆಯಂಥ ಬೇರೆ ಕಾರಣಗಳೂ ಇವೆ. ಎರಡು ಮೀನು ನೋಡಿ ಏನೂ ಹೇಳಲಾಗದು.

ಮೂಳೆ ಬಿಟ್ಟು ಜೀವಕೋಶದ ಮುಪ್ಪನ್ನೂ ನೋಡುವ ಆಸೆ. ಇದಕ್ಕೊಂದು ನೀಲಿ ಇದೆ. 1995ರಲ್ಲಿ ದಿಮ್ರಿ ಮತ್ತು ಜತೆಯವರು ತೋರಿಸಿದ್ದು: ವಿಭಜನೆ ನಿಲ್ಲಿಸಿ ಮುದಿಯಾದ ಕೋಶಗಳಲ್ಲಿ ಬೀಟಾ ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವ ಎಷ್ಟು ಜಾಸ್ತಿ ಎಂದರೆ, ತನಗೆ ಒಗ್ಗದ ಪಿಎಚ್ 6ರಲ್ಲೂ ಅದರ ಕೆಲಸ ಕಾಣುತ್ತದೆ. ಎಕ್ಸ್-ಗ್ಯಾಲ್ ಎಂಬ ರಾಸಾಯನಿಕ ಕೊಟ್ಟರೆ ಅದನ್ನು ಕತ್ತರಿಸಿ ನೀಲಿ ಉಳಿಸುತ್ತದೆ. ಎಳೆ ಕೋಶದಲ್ಲೂ ಕಿಣ್ವ ಇದೆ, ಆದರೆ ಅದಕ್ಕೆ ಒಗ್ಗುವುದು ಪಿಎಚ್ 4ರ ಆಸುಪಾಸು. ಕೋಶದ ಕಸದ ಕೋಣೆಯಾದ ಲೈಸೋಸೋಮಿನ ಹುಳಿ ಅದು.

5 ತಿಂಗಳ ಮತ್ತು 3 ವರ್ಷದ ಮೀನಿನ ಚರ್ಮದ ತುಂಡು ತೆಗೆದೆವು. ಸ್ವಲ್ಪ ಹೊತ್ತೇ ಫಿಕ್ಸ್ ಮಾಡಿದೆವು, ಜಾಸ್ತಿ ಇಟ್ಟರೆ ಕಿಣ್ವವೇ ಸಾಯುತ್ತದೆ. 37 ಡಿಗ್ರಿಯಲ್ಲಿ, ಕತ್ತಲಲ್ಲಿ, ರಾತ್ರಿಯಿಡೀ. ಬೆಳಗ್ಗೆ ಎರಡೂ ನವಿಲಿನ ಕತ್ತಿನ ನೀಲಿ.

ಈ ಸಲ ಮೂವರೂ ಒಟ್ಟಿಗೆ ಪಿಎಚ್ ಕಾಗದದ ಡಬ್ಬಿಗೆ ಕೈ ಹಾಕಿದೆವು. ಮೀಟರ್ 6.0 ತೋರಿಸಿದ್ದ ಬಫರ್ (ಪಿಎಚ್ ಅಲುಗದ ಹಾಗೆ ಹಿಡಿಯುವ ದ್ರಾವಣ), ಕಾಗದದಲ್ಲಿ 5ಕ್ಕೂ ಕೆಳಗೆ. ಮೀಟರಿನ ಎಲೆಕ್ಟ್ರೋಡು ರಜೆಯಲ್ಲಿ ಒಣಗಿ ಕೂತಿತ್ತು. 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ರಾತ್ರಿ ನೆನೆಹಾಕಿ, 4 ಮತ್ತು 7ರ ಬಫರಿನಲ್ಲಿ ಅಳತೆ ಸರಿಮಾಡಿದ ಮೇಲೆ ದಾರಿಗೆ ಬಂತು. ಮತ್ತೆ ಮಾಡಿದಾಗ ಪಿಎಚ್ 6ರಲ್ಲಿ ಮುದಿ ಚರ್ಮದಲ್ಲಿ ತೇಪೆ ತೇಪೆಯಾಗಿ ನೀಲಿ, ಎಳೆಯದರಲ್ಲಿ ಹುಡುಕಬೇಕು. ಪಕ್ಕದಲ್ಲಿ ಬೇಕಂತಲೇ ಪಿಎಚ್ 4ರಲ್ಲಿ ಇಟ್ಟ ಎಳೆ ತುಂಡು ಪೂರ್ತಿ ನೀಲಿ. ಅಂದರೆ ಕಿಣ್ವ ಅದರಲ್ಲೂ ಬದುಕಿದೆ, ಎಕ್ಸ್-ಗ್ಯಾಲ್ ಕೂಡ ಕೆಟ್ಟಿಲ್ಲ. ಕೆಟ್ಟು ಬಂದ ಮೊದಲ ಪ್ರಯೋಗವೇ ಈಗ ನಮ್ಮ ಕಂಟ್ರೋಲು, ಅಂದರೆ ಹೋಲಿಸಿ ನೋಡುವ ಪ್ರಯೋಗ.

ಈ ನೀಲಿ ಕಂಡಲ್ಲೆಲ್ಲ ಮುಪ್ಪು ಎನ್ನಲು ನಾನು ತಯಾರಿಲ್ಲ. ಲೈಸೋಸೋಮ್ ಜಾಸ್ತಿ ಇರುವ ಯಾವ ಕೋಶವಾದರೂ ಹೀಗೆ ಮೋಸ ಮಾಡಬಹುದು. ಡಿಶ್ಶಿನಲ್ಲಿ ಕಿಕ್ಕಿರಿದು ಬೆಳೆದ ಎಳೆ ಕೋಶಗಳೂ ನೀಲಿಯಾಗುತ್ತವೆ. ಜತೆಗೆ ಇನ್ನೊಂದು ಗುರುತು ಬೇಕು, ಅದು ಮುಂದಿನ ವರ್ಷದವರ ಪಾಲಿಗೆ.

ಹಳೆಯ ಫಾರ್ಮಲಿನ್ ಡಬ್ಬಿಯನ್ನು ವಿಲೇವಾರಿಗೆ ಕಳಿಸಿದೆ. ಹೊಸದರ ತಳಕ್ಕೆ ಅಮೃತಶಿಲೆಯ ಚೂರು ಹಾಕಿದ್ದೇವೆ, ಹುಟ್ಟುವ ಆಸಿಡನ್ನು ಅದು ತಿಂದುಕೊಳ್ಳಲಿ ಎಂದು. ಗೋರಿ ಕಲ್ಲು ಕೆತ್ತುವ ಅಂಗಡಿಯವನು ದುಡ್ಡು ತೆಗೆದುಕೊಳ್ಳದೆ ಒಂದು ಚೀಲ ಕೊಟ್ಟ. ಯಾಕೆ ಬೇಕು ಎಂದು ಕೇಳಿದ. ಮೀನಿಗೆ ಎಂದೆ. ಇನ್ನೇನೂ ಕೇಳಲಿಲ್ಲ.